ಸೆಲ್ವಿನ್ ಆಕ್‌ರಾಯ್ಡ್‌ನ ಹದಿಮೂರನೇ ರೇಸು

ಗುರುವಾರ ಮಧ್ಯಾಹ್ನ ಒಂದು ಗಂಟೆಗೆ ಥಾರ್ನ್‌ಶಾ ಕಾರ್ಮಿಕರ ಕ್ಲಬ್ಬಿನ ಹಿಂದಿನ ಕೋಣೆಗೆ ಕಾಲಿಟ್ಟಾಗ ಡೋರೀನ್ ಆಕ್‌ರಾಯ್ಡ್‌ಗೆ ತಿರುಗಿ ಮನೆಗೆ ಹೋಗಿಬಿಡೋಣ ಅನ್ನಿಸಿತು. ಮಾಂಸದ ಪೈ, ಅರೆದ ಹಸಿರು ಬಟಾಣಿ, ಮಳೆಗೆ ನೆನೆದ ಉಣ್ಣೆ ಕೋಟುಗಳ ಕಮಟು, ಇವೆಲ್ಲದರ ನಡುವೆ ಒಂಬತ್ತು ಜನ ಮುದುಕರು. ಒಬ್ಬೊಬ್ಬನ ಎದೆಯ ಮೇಲೂ ಥಾರ್ನ್‌ಶಾ ರೇವನ್ಸ್ ತಂಡದ ಬ್ಯಾಡ್ಜು. ಬ್ಯಾಡ್ಜಿನ ಕೆಳಗೆ ವರ್ಷಕ್ಕೊಂದರಂತೆ ಕೊಂಡು ಪೋಣಿಸಿದ ತಗಡಿನ ಪಟ್ಟಿಗಳು ಹೊಟ್ಟೆಯವರೆಗೂ ಜೋತಾಡುತ್ತಿದ್ದವು. ಯುದ್ಧ ಗೆದ್ದು ಬಂದ ಸೇನಾಪತಿಗಳ ಗತ್ತೇನು, ಠೀವಿಯೇನು! ಗೆದ್ದದ್ದು ಏನಪ್ಪಾ ಅಂದರೆ, ಶನಿವಾರ ಶನಿವಾರ ಬೇಲಿಯ ಆಚೆ ಭದ್ರವಾಗಿ ನಿಂತು ಚಿಪ್ಸು ತಿಂದದ್ದು.

ಮುದುಕರೆಲ್ಲ ಸೇರುವುದು ತಿಂಗಳಿಗೊಮ್ಮೆ. ಸೇರಿ ಮಾಡುವ ಕೆಲಸ ಒಂದೇ, ಹಳೆಯ ರೈಡರುಗಳ ಕಥೆ ಹೇಳಿಕೊಳ್ಳುವುದು. ಸ್ಪೀಡ್‌ವೇ ಅಂದರೆ ತಂಡಕ್ಕೆರಡರಂತೆ ನಾಲ್ಕು ಬೈಕು, ನಾಲ್ಕು ಸುತ್ತು, ಒಂದು ನಿಮಿಷದ ರೇಸು; ಪಂದ್ಯಕ್ಕೆ ಅಂಥ ಹದಿಮೂರು. ಬೈಕಿಗೆ ಬ್ರೇಕೇ ಇಲ್ಲ. ತಿರುವಿನಲ್ಲಿ ಹಿಂದಿನ ಚಕ್ರವನ್ನು ಜಾರಿಸಿಕೊಂಡು, ಎಡಗಾಲನ್ನು ಪುಡಿಗಲ್ಲಿನ ನೆಲಕ್ಕೆ ಎಳೆದುಕೊಂಡು ಹೋಗಬೇಕು. ಆ ಒಂದೊಂದು ನಿಮಿಷವನ್ನೂ ಇವರು ಐವತ್ತು ವರ್ಷದಿಂದ ಅಗಿಯುತ್ತಿದ್ದಾರೆ. ಸ್ಟೇಡಿಯಂ ಕೆಡವಿ ಮೂವತ್ತೊಂದು ವರ್ಷವಾಯಿತು, ಅಲ್ಲೀಗ ಸೂಪರ್ ಮಾರ್ಕೆಟ್ಟು ಎದ್ದಿದೆ. ರೈಡರುಗಳು ಬಿದ್ದು ಮೂಳೆ ಮುರಿದುಕೊಂಡ ಎರಡನೇ ತಿರುವಿನಲ್ಲಿ ಈಗ ಮಂಜುಗಟ್ಟಿದ ಮೀನು ಸಿಗುತ್ತದೆ. ಇವರ ಬಾಯಿ ಮಾತ್ರ ಇನ್ನೂ ಮುಚ್ಚಿಲ್ಲ.

ಡೋರೀನ್ ಇವರ ಮುಖ ನೋಡಲು ಬಂದವಳಲ್ಲ. ಆ ಸೂಪರ್ ಮಾರ್ಕೆಟ್ಟಿನವರು ಟ್ರಾಲಿ ನಿಲ್ಲಿಸುವ ಕಡೆಯ ಗೋಡೆಗೆ ಹಿತ್ತಾಳೆಯ ಫಲಕವೊಂದನ್ನು ಹಾಕಲು ಒಪ್ಪಿದ್ದರು. ರೇವನ್ಸ್ ತಂಡಕ್ಕೆ ಹತ್ತು ಪಂದ್ಯ ಆಡಿದ ಪ್ರತಿಯೊಬ್ಬನ ಹೆಸರೂ ಅದರಲ್ಲಿ ಇರುತ್ತದೆ ಅಂತ ಊರಿನ ವಾರಪತ್ರಿಕೆಯಲ್ಲಿ ಬಂದಿತ್ತು, ಜೊತೆಗೆ ನಲವತ್ತೊಂದು ಹೆಸರಿನ ಪಟ್ಟಿ. ಅವಳ ಗಂಡ ಸೆಲ್ವಿನ್ ಆಡಿದ್ದು ಇನ್ನೂರ ಮೂರು ಪಂದ್ಯ. ಅವನ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಸೆಲ್ವಿನ್ ಕನ್ನಡಕ ಹಾಕಿಕೊಂಡು ಪಟ್ಟಿಯನ್ನು ಮೇಲಿಂದ ಕೆಳಕ್ಕೆ ಒಮ್ಮೆ, ಕೆಳಗಿಂದ ಮೇಲಕ್ಕೆ ಒಮ್ಮೆ ಓದಿದ. ಆಮೇಲೆ ಪುಟ ತಿರುವಿ ಪದಬಂಧಕ್ಕೆ ಕೂತ. ಅವನಿಗೆ ಎಪ್ಪತ್ತೇಳು, ಶ್ವಾಸಕೋಶ ಅರ್ಧ ಕೆಲಸ ಮಾಡುತ್ತಿತ್ತು, ಬರುವ ಚಳಿಗಾಲದ ಬಗ್ಗೆ ಡಾಕ್ಟರು ಏನೂ ಹೇಳದೆ ಕಿಟಕಿ ನೋಡಿದ್ದರು. ಅವನು ಇರುವಾಗಲೇ ಅವನ ಹೆಸರು ಆ ಗೋಡೆಯ ಮೇಲೆ ಬರಬೇಕು. ಡೋರೀನ್‌ಗೆ ಈ ಜಗತ್ತಿನಲ್ಲಿ ಬೇಕಾಗಿದ್ದದ್ದು ಈಗ ಅದೊಂದೇ.

ಪಟ್ಟಿ ಮಾಡಿದವನು ಡೆಸ್ಮಂಡ್ ಹೇಗ್. ಗ್ಯಾಸ್ ಕಂಪನಿಯಲ್ಲಿ ಮೀಟರು ಓದುವವನಾಗಿ ನಲವತ್ತು ವರ್ಷ ಸವೆಸಿದ ಆಸಾಮಿ. ಊರಿನ ಮನೆಮನೆಯ ಮೆಟ್ಟಿಲ ಕೆಳಗಿನ ಮೀಟರಿಗೆ ತಲೆ ತೂರಿಸಿದವನಾದ್ದರಿಂದ ಎಲ್ಲರ ಯೋಗ್ಯತೆಯೂ ತನಗೆ ಗೊತ್ತು ಎಂಬ ಭಾವ. 'ಫೈನಲ್ಲಿನ ಕಪ್ ಕಳೆದವನ ಹೆಸರು ಹಿತ್ತಾಳೆಗೆ ಶೋಭೆ ಅಲ್ಲ' ಅಂತ ಅವನು ಪೋಸ್ಟಾಫೀಸಿನ ಸಾಲಿನಲ್ಲಿ ನಿಂತು ಹೇಳಿದ್ದು ಸಂಜೆಯೊಳಗೆ ಡೋರೀನ್‌ಳ ಕಿವಿಗೆ ಬಿದ್ದಿತ್ತು.

"ಓಹೋ, ಯಾರು ಬಂದಿದ್ದಾರೆ ನೋಡ್ರೋ!" ಅಂದ ರಾಯ್ ಫರ್ತ್. ಹಿಂದೆ ಪೇಟೆ ಬೀದಿಯಲ್ಲಿ ಮಾಂಸದಂಗಡಿ ಇಟ್ಟಿದ್ದವನು. ಅವನ ಅಂಗಡಿಯಿಂದ ಡೋರೀನ್ ಎಪ್ಪತ್ಮೂರನೇ ಇಸವಿಯಿಂದ ಒಂದು ಸಾಸೇಜನ್ನೂ ಕೊಂಡಿರಲಿಲ್ಲ. "ಬಾ ತಾಯಿ, ಕೂತ್ಕೋ. ಪೈ ತಗೋತೀಯಾ?"

"ಪೈ ತಿನ್ನೋಕೆ ಬಂದಿಲ್ಲ ನಾನು. ನಿಮ್ ಸಭೆಲಿ ಒಂದ್ ಮಾತು ಹೇಳೋಕೆ ಬಂದಿದೀನಿ."

"ಸಭೆ ಆಮೇಲೆ ಕಣಮ್ಮ," ಅಂದ ಡೆಸ್ಮಂಡ್, ತಲೆ ಎತ್ತದೆ. "ಊಟದ ಹೊತ್ತಲ್ಲಿ ನಾವು ಸಭೆ ಮಾಡಲ್ಲ. ಪದ್ಧತಿ ಅದು."

ಪದ್ಧತಿಯಂತೆ, ಪದ್ಧತಿ! ಡೋರೀನ್ ಬಾಗಿಲ ಬಳಿಯ ಕುರ್ಚಿಯಲ್ಲಿ ಕೋಟು ಬಿಚ್ಚದೆ ಕೂತಳು. ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಳು, ಇಲ್ಲದಿದ್ದರೆ ಯಾರ ತಲೆಗಾದರೂ ಬೀಸಿಯಾಳು.

ಮುದುಕರು ಬಿಟ್ಟಲ್ಲಿಂದ ಶುರು ಮಾಡಿದರು. ಮಾತು ಟಗ್ ಹಾರ್‌ಗ್ರೀವ್ಸ್‌ನದು. ಟಗ್ ಕೊರಳ ಮೂಳೆ ಮುರಿದುಕೊಂಡೂ ಬೈಕು ಹತ್ತಿದ ಸಂಗತಿ.

"ಮುರಿದ ಮೂಳೆ ಚರ್ಮದಿಂದಾಚೆ ಇಣುಕ್ತಾ ಇತ್ತು," ಅಂದ ರಾಯ್. "ಇಣುಕ್ತಾ ಇತ್ತು ಕಣ್ರೋ! ನಕ್ಕೊಂಡ್ ಹತ್ತಿದ. ಹಲ್ಲು ಕಾಣೋ ಹಾಗೆ ನಕ್ಕ."

"ಈಗಿನವರಿಗೆ ಉಗುರು ಕಿತ್ತರೆ ಆಂಬುಲೆನ್ಸು ಬೇಕು," ಅಂದ ಬರ್ನಾರ್ಡ್. ಅವನಿಗೆ ಕಿವಿ ಅಷ್ಟಕ್ಕಷ್ಟೆ, ಹಾಗಾಗಿ ಎಲ್ಲವನ್ನೂ ಕೂಗಿಯೇ ಹೇಳುತ್ತಿದ್ದ. "ಗಂಡಸರ ಕಾಲ ಅದು! ಗಂಡಸರು!"

ಡೋರೀನ್ ಹಲ್ಲು ಕಚ್ಚಿದಳು. ಆ ಕೊರಳ ಮೂಳೆಗೆ ಪಟ್ಟಿ ಕಟ್ಟಿದವಳು ಅವಳೇ. ಬೈಕು ನಿಲ್ಲಿಸುವ ಜಾಗದಲ್ಲಿ, ತೈಲದ ಡಬ್ಬದ ಮೇಲೆ ಕೂರಿಸಿ, ತನ್ನದೇ ತಲೆಯ ಸ್ಕಾರ್ಫಿನಿಂದ. ಟಗ್ ನಗಲಿಲ್ಲ. 'ಅಮ್ಮಾ ಅಮ್ಮಾ' ಅಂತ ಅತ್ತ. ಮೂಗಿನಿಂದ ಸುರಿದದ್ದನ್ನು ಅವಳ ತೋಳಿಗೆ ಒರೆಸಿದ. ಮ್ಯಾನೇಜರು ಬಂದು, ಜನ ಕಾಯುತ್ತಿದ್ದಾರೆ ಅಂದದ್ದಕ್ಕೆ ಬೈಕು ಹತ್ತಿದ. ಈ ಒಂಬತ್ತು ಬೆಪ್ಪುತಕ್ಕಡಿಗಳೇ ಆ ಜನ. ಹುಡುಗನೊಬ್ಬ ನೋವಿನಲ್ಲಿ ಹಲ್ಲು ಗಿಂಜಿದ್ದನ್ನು ನಗು ಅಂತ ತಿಳಿದು, ಐವತ್ತು ವರ್ಷ ಅದನ್ನೇ ಊಟಕ್ಕೆ ನೆಂಚಿಕೊಂಡಿದ್ದಾರೆ.

"ಆಮೇಲೆ ಆ ವಾಸನೆ," ಅಂದ ಬರ್ನಾರ್ಡ್ ಕಣ್ಣು ಮುಚ್ಚಿ. "ಎಂಜಿನ್ನಲ್ಲಿ ಹರಳೆಣ್ಣೆ ಸುಟ್ಟ ವಾಸನೆ. ಬಾಟಲೀಲಿ ತುಂಬಿ ಮಾರಿದ್ರೆ ದಿನಾ ಬಳ್ಕೋತಿದ್ದೆ ನಾನು."

"ಹತ್ತೊಂಬತ್ತು ವರ್ಷ ಆ ವಾಸನೆ ಬಟ್ಟೆಯಿಂದ ಒಗ್ದಿದೀನಿ," ಅಂದಳು ಡೋರೀನ್ ಜೋರಾಗಿ. "ಬಾ, ಇನ್ನೂ ಒಂದು ಜಾಕೆಟ್ ಉಳಿದಿದೆ, ನೀನೇ ಒಗಿ. ಆಮೇಲೆ ಬಳ್ಕೋ."

ಯಾರೋ ಕಿಸಕ್ಕನೆ ನಕ್ಕರು. ಬರ್ನಾರ್ಡ್‌ಗೆ ಕೇಳಿಸಲಿಲ್ಲ.

ಅಷ್ಟರಲ್ಲಿ ರಾಯ್ ಟಗ್‌ನ ಕಥೆಯನ್ನು ಇನ್ನೊಂದು ಅಂತಸ್ತು ಎತ್ತರಿಸಿದ. ಆ ಮೂಳೆ ಮುರಿದ ದಿನವೇ ಟಗ್ ನಾಲ್ಕಕ್ಕೆ ನಾಲ್ಕೂ ರೇಸು ಗೆದ್ದನಂತೆ. ಮೂರೇ ಅಂದ ಇನ್ನೊಬ್ಬ. ನಾಲ್ಕು, ಮೂರು, ನಾಲ್ಕು, ಮೂರು ಅಂತ ಮೇಜಿನ ಎರಡು ತುದಿಯಿಂದ ಎರಡು ಮುದಿ ಹುಂಜಗಳು ಕೂಗಿಕೊಂಡವು. ಡೆಸ್ಮಂಡ್ ಕೈ ಎತ್ತಿದ. ಎಲ್ಲರೂ ತೆಪ್ಪಗಾದರು.

ಅವನ ಪಕ್ಕದಲ್ಲಿ ಎರಡು ಸೂಟ್‌ಕೇಸು ಇದ್ದವು. ಅವುಗಳಲ್ಲಿ ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟ ಪ್ರೋಗ್ರಾಂ ಪುಸ್ತಕಗಳು. ಪಂದ್ಯದ ದಿನ ಗೇಟಿನಲ್ಲಿ ಕೊಡುತ್ತಿದ್ದ ತೆಳು ಪುಸ್ತಕ, ಒಳಗೆ ರೇಸಿಗೊಂದು ಚೌಕ. ಪ್ರತಿ ರೇಸು ಮುಗಿದ ಕೂಡಲೆ ಚೌಕದಲ್ಲಿ ಪೆನ್ನಿಂದ ತುಂಬಬೇಕು: ಮೊದಲನೆಯವನಿಗೆ ಮೂರು, ಎರಡನೆಯವನಿಗೆ ಎರಡು, ಮೂರನೆಯವನಿಗೆ ಒಂದು, ಬಿದ್ದವನ ಮುಂದೆ ಎಫ್, ಎಂಜಿನ್ ಕೈಕೊಟ್ಟವನ ಮುಂದೆ ಇ.ಎಫ್. ಆರುನೂರ ಹನ್ನೆರಡು ಪಂದ್ಯ, ಒಂದೂ ಚೌಕ ಖಾಲಿ ಬಿಡದವನು ಡೆಸ್ಮಂಡ್. ಹೆರಿಗೆ ಆಸ್ಪತ್ರೆಯಿಂದ ಕರೆ ಬಂದಾಗಲೂ ಕೊನೆಯ ರೇಸು ತುಂಬಿಯೇ ಹೋದದ್ದು ಅಂತ ಅವನೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. ಹೆಂಡತಿ ಆಮೇಲೆ ಬಿಟ್ಟುಹೋದದ್ದನ್ನು ಹೇಳುವುದಿಲ್ಲ.

ಅವನು ಪುಸ್ತಕ ತೆಗೆದು, ಹೊದಿಕೆಯಿಂದ ಎರಡು ಬೆರಳಲ್ಲಿ ಎಳೆದು, ಓದಿದ. "ಟಗ್ ಹಾರ್‌ಗ್ರೀವ್ಸ್. ಮೂರು, ಮೂರು, ಎಫ್, ಮೂರು."

"ಬಿದ್ನಾ?" ಅಂದ ರಾಯ್.

"ಬಿದ್ದ."

"ನಾನು ಕಣ್ಣಾರೆ ಕಂಡಿದ್ದೆ ಮಾರಾಯ, ನಾಲ್ಕೂ ಗೆದ್ದದ್ದು."

"ನಿನ್ ಕಣ್ಣು ಕಟ್ಕೊಂಡು ನನಗೇನಾಗ್ಬೇಕೋ? ಪ್ರೋಗ್ರಾಂನಲ್ಲಿ ಬರ್ದಿದೆ. ಆ ಹೊತ್ತಲ್ಲಿ, ಆ ಜಾಗದಲ್ಲಿ, ಪೆನ್ನಲ್ಲಿ ಬರ್ದದ್ದು. ಮುಗೀತು."

ರಾಯ್ ಬಾಯಿ ಮುಚ್ಚಿಕೊಂಡು ಬಟಾಣಿ ಕೆದಕಿದ. ಯಾರೂ ಎದುರಾಡಲಿಲ್ಲ. ಚರ್ಚಿನಲ್ಲಿ ಪಾದ್ರಿಯ ಮಾತಿಗೂ ಇಷ್ಟು ಮರ್ಯಾದೆ ಸಿಗುವುದನ್ನು ಡೋರೀನ್ ಕಂಡಿರಲಿಲ್ಲ. ಕಂಡದ್ದೇ ತಡ, ಅವಳ ತಲೆಯೊಳಗೆ ದೀಪ ಹೊತ್ತಿಕೊಂಡಿತು. ಎದ್ದು ನಿಂತಳು.

"ಡೆಸ್ಮಂಡ್, ಎಪ್ಪತ್ಮೂರನೇ ಇಸವಿ ಅಕ್ಟೋಬರ್ ತೆಗಿ. ಮಾರ್ಸ್‌ಬಿ ಮೇಲಿನ ಫೈನಲ್ಲು."

ಎಲ್ಲರೂ ಫೋರ್ಕು ಕೆಳಗಿಟ್ಟು ಅವಳ ಕಡೆ ತಿರುಗಿದರು.

ಆ ಫೈನಲ್ ಗೊತ್ತಿಲ್ಲದವರು ಥಾರ್ನ್‌ಶಾದಲ್ಲಿ ಇರಲಿಲ್ಲ. ಹನ್ನೆರಡು ರೇಸು ಮುಗಿದಾಗ ಎರಡೂ ತಂಡ ಸಮ. ಹದಿಮೂರನೆಯದು ಕೊನೆಯದು. ಮಾರ್ಸ್‌ಬಿಯವನೊಬ್ಬ ಮುಂದೆ, ಅವನ ಹಿಂದೆಯೇ ಸೆಲ್ವಿನ್, ಮೂರನೆಯವನೂ ರೇವನ್ಸ್‌ನವನೇ. ಮುಂದಿನವನನ್ನು ಸೆಲ್ವಿನ್ ಹಿಂದೆ ಹಾಕಿದರೆ ಕಪ್, ಇದ್ದ ಹಾಗೇ ಬಂದರೂ ಸರಿಸಮ. ಮೂರನೇ ಸುತ್ತಿನಲ್ಲಿ, ಮೇಲಿನ ತಿರುವಿಗೆ ಬಂದಾಗ ಸೆಲ್ವಿನ್‌ನ ಬೈಕು ನಿಧಾನವಾಯಿತು. ಅವನು ಕೈ ಎತ್ತಿ ನಡುವಿನ ಹುಲ್ಲಿಗೆ ಇಳಿದುಬಿಟ್ಟ. ಎರಡೇ ಎರಡು ಅಂಕದಿಂದ ಕಪ್ ಹೋಯಿತು. ರೇವನ್ಸ್ ತಂಡಕ್ಕೆ ಅಷ್ಟು ಹತ್ತಿರ ಕಪ್ ಮತ್ತೆಂದೂ ಬರಲಿಲ್ಲ.

"ಅದನ್ನ ತೆಗಿಯೋದೇನು ಬೇಕಾಗಿಲ್ಲ," ಅಂದ ಡೆಸ್ಮಂಡ್. ಅವನ ಮುಖದಲ್ಲಿ ಹಳೇ ಖುಷಿಯೊಂದು ಏಳುತ್ತಿತ್ತು. "ನಾನೇ ಹೇಳ್ತೀನಿ ಕೇಳು. ಮೇಲಿನ ತಿರುವಲ್ಲಿ, ಬೇಲಿಯ ಏಳನೇ ಕಂಬದ ಹತ್ರ ನಿಂತಿದ್ದೆ. ಇಪ್ಪತ್ತು ವರ್ಷ ಅಲ್ಲೇ ನಿಂತವನು ನಾನು. ನಿನ್ ಗಂಡ ನನ್ನಿಂದ ಹತ್ತಡಿ ದೂರದಲ್ಲಿ ಬಂದ. ಅವನ ಬಲಗೈ ಮಣಿಕಟ್ಟು ಹೀಗೆ ತಿರುಗ್ತು ನೋಡು." ಅವನು ಫೋರ್ಕನ್ನು ಬೈಕಿನ ಹಿಡಿಯಂತೆ ಹಿಡಿದು ಮುಂದಕ್ಕೆ ತಿರುವಿದ. ಗ್ರೇವಿ ಮೇಜುಬಟ್ಟೆಯ ಮೇಲೆ ಸಿಡಿಯಿತು. "ಆಕ್ಸಿಲರೇಟರು ಮುಚ್ಚಿದ ಕಣಮ್ಮ. ಎಂಜಿನ್ ಚೆನ್ನಾಗೇ ಹಾಡ್ತಾ ಇತ್ತು. ಇವನು ಹೆದರಿ ಮುಚ್ಚಿದ."

ನಲವತ್ತಾರು ವರ್ಷದಿಂದ ಈ ಮನುಷ್ಯ ಈ ಮಣಿಕಟ್ಟನ್ನು ತಿರುವುತ್ತಲೇ ಬಂದಿದ್ದಾನೆ. ಪಬ್ಬಿನಲ್ಲಿ, ಬಸ್‌ಸ್ಟಾಪಿನಲ್ಲಿ, ಸೆಲ್ವಿನ್‌ನ ಅಪ್ಪನ ಅಂತ್ಯಕ್ರಿಯೆಯ ಚಹಾದ ಹೊತ್ತಿನಲ್ಲೂ. ಈ ಮಾತಿಗೇ ಡೋರೀನ್ ಒಡಹುಟ್ಟಿದ ಅಕ್ಕನ ಜೊತೆ ಮಾತು ಬಿಟ್ಟಿದ್ದಳು, ಅಕ್ಕನ ಗಂಡ ಒಂದು ಕ್ರಿಸ್‌ಮಸ್ ಊಟದಲ್ಲಿ ಹೀಗೇ ಮಣಿಕಟ್ಟು ತಿರುವಿದ್ದಕ್ಕೆ. ಅಕ್ಕ ಸತ್ತು ಒಂಬತ್ತು ವರ್ಷ. ಮಾತು ಬಿಟ್ಟದ್ದು ಬಿಟ್ಟೇ ಹೋಯಿತು.

"ಇಳಿಜಾರು ಬಂದ್ರೆ ಸೈಕಲ್ಲಿಂದಲೂ ಇಳಿದು ತಳ್ಕೊಂಡು ಹೋಗೋ ನೀನು," ಅಂದಳು ಅವಳು, "ಬ್ರೇಕಿಲ್ಲದ ಬೈಕಲ್ಲಿ ಕೂತವನಿಗೆ ಧೈರ್ಯ ಹೇಳ್ಕೊಡ್ತೀಯಾ? ಬಾಯಿ ಮಾತು ಬೇಡ ನನಗೆ. ಪ್ರೋಗ್ರಾಂ ತೆಗಿ."

"ಯಾಕೆ?"

"ಪ್ರೋಗ್ರಾಂನಲ್ಲಿ ಬರ್ದದ್ದು ಮುಗೀತು ಅಂದ್ಯಲ್ಲ. ತೆಗಿ. ಅವತ್ತು ಸ್ಟೇಡಿಯಂನ ಮೈಕಲ್ಲಿ ಹೇಳಿದ್ದು ನಾನು ಕಿವಿಯಾರೆ ಕೇಳಿದೀನಿ. ನೀನು ಏನು ಬರ್ದಿದ್ದೀಯ ಅಂತ ನೋಡೋಣ."

ಡೆಸ್ಮಂಡ್ ಸೂಟ್‌ಕೇಸಿನ ಮೇಲೆ ಕೈಯಿಟ್ಟ, ತೆರೆಯಲಿಲ್ಲ. ಅವನ ಕಿವಿಗಳು ಕೆಂಪಾದವು. ಅದನ್ನು ಕಂಡು ಡೋರೀನ್‌ಗೆ ಹಸಿದವಳ ಮುಂದೆ ತಟ್ಟೆ ಇಟ್ಟಂತಾಯಿತು.

"ತೆಗಿಯೋ ಡೆಸ್," ಅಂದ ರಾಯ್. ಅವನಿಗೆ ಈಗಷ್ಟೇ ಆದ ಅವಮಾನ ಇನ್ನೂ ಬಿಸಿಯಾಗಿತ್ತು. "ನನಗೆ ಹೇಳೋವಾಗ ಎಷ್ಟು ಬೇಗ ತೆಗ್ದೆ."

ತೆಗೆಯಲೇಬೇಕಾಯಿತು. ರಾಯ್ ಪುಸ್ತಕವನ್ನು ಅವನ ಕೈಯಿಂದ ಕಿತ್ತುಕೊಂಡು ಕನ್ನಡಕದ ಹತ್ತಿರ ಹಿಡಿದ. "ಹದಿಮೂರನೇ ರೇಸು. ಆಕ್‌ರಾಯ್ಡ್, ಎಸ್." ಆಮೇಲೆ ಪುಸ್ತಕವನ್ನು ಮೇಜಿನ ಮೇಲಿಟ್ಟು ಎಲ್ಲರಿಗೂ ಕಾಣುವಂತೆ ತಿರುಗಿಸಿದ. ನೀಲಿ ಶಾಯಿಯಲ್ಲಿ, ಮೀಟರು ಓದುವವನ ಅಚ್ಚುಕಟ್ಟು ಅಕ್ಷರದಲ್ಲಿ, ಇ.ಎಫ್.

"ಏನಂತೆ? ಏನಂತೆ?" ಅಂತ ಕೂಗಿದ ಬರ್ನಾರ್ಡ್.

"ಎಂಜಿನ್ ಕೈಕೊಡ್ತು ಅಂತ ಬರ್ದಿದಾನೆ!" ಅಂತ ಅವನ ಕಿವಿಯಲ್ಲಿ ಕೂಗಿದ ರಾಯ್. "ನಮ್ ಡೆಸ್ಮಂಡ್! ತನ್ನ ಕೈಯಾರೆ!"

"ಮೈಕಲ್ಲಿ ಹಾಗಂದ್ರು, ಬರ್ದೆ," ಅಂದ ಡೆಸ್ಮಂಡ್. "ಮೈಕಲ್ಲಿ ಹೇಳಿದ್ದನ್ನ ಬರೀಬೇಕು. ನಿಯಮ ಅದು. ಆದ್ರೆ ನಾನು ಕಂಡದ್ದು..."

"ನಿನ್ ಕಣ್ಣು ಕಟ್ಕೊಂಡು ನಮಗೇನಾಗ್ಬೇಕು?" ಅಂದಳು ಡೋರೀನ್.

ಕೋಣೆ ಗೊಳ್ಳೆಂದು ನಕ್ಕಿತು. ಈ ಜನಕ್ಕೆ ಯಾರ ಮೇಲೆ ನಕ್ಕರೂ ಆಯಿತು, ನಕ್ಕರೆ ಸಾಕು. ನಲವತ್ತಾರು ವರ್ಷ ಸೆಲ್ವಿನ್‌ನ ಮೇಲೆ ನಕ್ಕವರು ಈಗ ಕ್ಷಣದಲ್ಲಿ ಡೆಸ್ಮಂಡ್‌ನ ಕಡೆಗೆ ತಿರುಗಿದ್ದರು.

"ಅಲ್ಲಯ್ಯಾ," ಅಂದ ರಾಯ್, "ಇದೊಂದು ಚೌಕದಲ್ಲಿ ಸುಳ್ಳು ಬರ್ದಿದ್ರೆ, ಮಿಕ್ಕಿದ್ದರಲ್ಲಿ ಎಷ್ಟು ಸುಳ್ಳಿದೆಯೋ ಯಾರಿಗ್ ಗೊತ್ತು? ಆರುನೂರ ಹನ್ನೆರಡು ಪುಸ್ತಕ! ಎಲ್ಲಾ ರದ್ದೀನೇ?"

ಡೆಸ್ಮಂಡ್ ಸೂಟ್‌ಕೇಸುಗಳನ್ನು ನೋಡಿದ. ಒಂದೋ ಅವನ ಕಣ್ಣು ಸುಳ್ಳಾಗಬೇಕು, ಇಲ್ಲವೇ ಅವನ ಆರುನೂರ ಹನ್ನೆರಡು ಶನಿವಾರಗಳೂ ಸುಳ್ಳಾಗಬೇಕು. ಡೋರೀನ್ ಅವನು ಒದ್ದಾಡುವುದನ್ನು ಕಣ್ತುಂಬ ನೋಡಿದಳು. ಒಂದಿಷ್ಟೂ ಕನಿಕರ ಹುಟ್ಟಲಿಲ್ಲ.

"ಪ್ರೋಗ್ರಾಂ ಸರಿಯಾಗೇ ಇದೆ," ಅಂದ ಅವನು ಕೊನೆಗೆ, ನೆಲ ನೋಡುತ್ತಾ. "ನಾನೇ ತಪ್ಪು ಕಂಡಿರ್ಬೇಕು."

"ಜೋರಾಗಿ ಹೇಳು. ಬರ್ನಾರ್ಡ್‌ಗೆ ಕೇಳಿಸ್ಲಿಲ್ಲ."

"ತಪ್ಪು ಕಂಡೆ ಅಂದೆ!"

ಕೈ ಎತ್ತಿಸಿದರು. ಒಂಬತ್ತೂ ಕೈ ಎದ್ದವು, ಡೆಸ್ಮಂಡ್‌ನದು ಕೊನೆಗೆ. ಪಟ್ಟಿಗೆ ನಲವತ್ತೆರಡನೇ ಹೆಸರು ಸೇರಿತು. ರಾಯ್ ಮತ್ತೊಮ್ಮೆ ಪೈ ಕೊಡಲು ಬಂದ. ನೀನೇ ತಿನ್ನು ಅಂತ ಹೇಳಿ ಡೋರೀನ್ ಹೊರಬಿದ್ದಳು. ಬಾಗಿಲು ಮುಚ್ಚುವ ಮೊದಲೇ ಅವರೆಲ್ಲ ಸೆಲ್ವಿನ್ ಎಂಥ ಅದ್ಭುತ ರೈಡರು ಅಂತ ಶುರು ಹಚ್ಚಿಕೊಂಡಿದ್ದರು. ಥೂ, ಇವರ ಜನ್ಮಕ್ಕೆ!

ಮನೆಯವರೆಗಿನ ಏರುಬೀದಿಯನ್ನು ಅವಳು ಹತ್ತಿದ್ದೇ ಗೊತ್ತಾಗಲಿಲ್ಲ. ಸೆಲ್ವಿನ್ ಮುಂದಿನ ಕೋಣೆಯಲ್ಲಿ ಟೀವಿಯ ಮುಂದೆ ಕೂತು ಪದಬಂಧ ತುಂಬುತ್ತಿದ್ದ. ಅವಳು ಕೋಟು ಬಿಚ್ಚದೆಯೇ ಎಲ್ಲವನ್ನೂ ಹೇಳಿದಳು. ಡೆಸ್ಮಂಡ್‌ನ ಕಿವಿ ಕೆಂಪಾದದ್ದು, ಫೋರ್ಕು, ಗ್ರೇವಿ, ಕೈ ಎತ್ತಿದ್ದು, ಅವನಿಂದ ಜೋರಾಗಿ ಹೇಳಿಸಿದ್ದು. ಡೆಸ್ಮಂಡ್‌ನ ದನಿಯನ್ನು ಅಣಕಿಸಿಯೂ ತೋರಿಸಿದಳು. ಇಷ್ಟು ನಕ್ಕು ಎಷ್ಟು ವರ್ಷವಾಗಿತ್ತೋ.

ಸೆಲ್ವಿನ್ ನಗಲಿಲ್ಲ. ಪೆನ್ಸಿಲ್ ಕೆಳಗಿಟ್ಟ.

"ಪಾಪ, ಡೆಸ್," ಅಂದ.

"ಏನು ಪಾಪ? ಯಾರಿಗೆ ಪಾಪ?"

"ಅವನು ಕಂಡದ್ದು ಸರಿ ಕಣೇ. ಎಂಜಿನ್ನಿಗೆ ಏನೂ ಆಗಿರ್ಲಿಲ್ಲ. ಅವತ್ತು ಓಡಿದಷ್ಟು ಚೆನ್ನಾಗಿ ಅದು ಯಾವತ್ತೂ ಓಡಿರ್ಲಿಲ್ಲ."

ಡೋರೀನ್ ಅವನನ್ನು ನೋಡಿದಳು. ಔಷಧಿಯ ಮಂಪರೋ ಏನೋ ಅಂದುಕೊಂಡಳು. ಆದರೆ ಅವನ ಕಣ್ಣು ತಿಳಿಯಾಗಿತ್ತು.

"ಮುಂದಿದ್ದವನು ತಿರುವಲ್ಲಿ ಸ್ವಲ್ಪ ಒಳಕ್ಕೆ ಸರಿದ," ಅಂದ ಸೆಲ್ವಿನ್. ಒಂದೊಂದು ಮಾತಿಗೂ ಉಸಿರು ಎಳೆದುಕೊಳ್ಳುತ್ತಿದ್ದ. "ಅವನಿಗೂ ಬೇಲಿಗೂ ನಡುವೆ ಜಾಗ ಬಿಟ್ಕೊಳ್ತು. ನನ್ನದೇ ಜಾಗ ಅದು, ನುಗ್ಗಬೇಕಿತ್ತು. ನೋಡ್ದೆ. ಆಗಲ್ಲ ಅನ್ನಿಸ್ತು. ಕೈ ತಾನಾಗೇ ಮುಚ್ಕೊಳ್ತು. ಒಂದ್ಸಲ ಮುಚ್ಚಿದ ಮೇಲೆ ತೆರೆಯೋಕೆ ಕೈ ಬರ್ಲಿಲ್ಲ. ಬೈಕು ತಳ್ಕೊಂಡು ಬರೋವಾಗ ಮೆಕ್ಯಾನಿಕ್‌ಗೆ ಹೇಳ್ದೆ, ಎಂಜಿನ್ ಅಂತ ಹೇಳ್ಬಿಡು ಅಂತ. ಅವನು ಮೈಕಿನವನಿಗೆ ಹೇಳ್ದ. ಹೆದರಿದ್ದೆ ಡೋರೀನ್. ಅಷ್ಟೇ."

"ನಲವತ್ತಾರು ವರ್ಷ," ಅಂದಳು ಅವಳು. "ನಲವತ್ತಾರು ವರ್ಷ ಯಾಕೆ ಹೇಳ್ಲಿಲ್ಲ ನನಗೆ?"

"ನೀನು ಒಂದ್ಸಲನಾದ್ರೂ ಕೇಳಿದ್ಯಾ? ನೀನೇ ಎಲ್ರಿಗೂ ಹೇಳ್ತಾ ಬಂದೆ. ನನಗೂ ಹೇಳ್ದೆ, ಎಂಜಿನ್ನು ಅಂತ."

ಅವಳು ಕೇಳಿರಲಿಲ್ಲ, ನಿಜ. ಕಂಡೂ ಇರಲಿಲ್ಲ. ರೈಡರುಗಳ ಹೆಂಡತಿಯರು ಯಾರೂ ನೋಡುತ್ತಿರಲಿಲ್ಲ. ಗಂಡನ ರೇಸು ಶುರುವಾದರೆ ಟ್ರ್ಯಾಕಿಗೆ ಬೆನ್ನು ತಿರುಗಿಸಿ ನಿಲ್ಲುವುದು, ಒಂದು ನಿಮಿಷ ಕಣ್ಣು ಮುಚ್ಚಿಕೊಂಡು ಎಂಜಿನ್ ಸದ್ದು ಎಣಿಸುವುದು, ಮೈಕು ಹೇಳಿದ ಮೇಲೆ ಕಣ್ಣು ಬಿಡುವುದು, ಇದೇ ಅವರ ಅಭ್ಯಾಸ. ಹತ್ತೊಂಬತ್ತು ವರ್ಷದಲ್ಲಿ ಅವಳು ತನ್ನ ಗಂಡ ರೇಸು ಓಡಿಸುವುದನ್ನು ಒಂದು ಸಲವೂ ನೋಡಿರಲಿಲ್ಲ.

"ಈ ಊರಲ್ಲಿ ನನ್ನ ಬಗ್ಗೆ ನಿಜ ಹೇಳ್ತಿದ್ದವನು ಅವನೊಬ್ಬನೇ," ಅಂದ ಸೆಲ್ವಿನ್. "ಇವತ್ತು ನೀನು ಅವನನ್ನ ಸುಳ್ಳುಗಾರ ಮಾಡಿ ಬಂದಿದ್ದೀಯ. ಫೋನ್ ಕೊಡು ಇಲ್ಲಿ."

"ಏನೂ ಬೇಡ! ಹೆಸರು ಹಾಕ್ತಾರೆ ಅಂತ ಆಗಿದೆ. ಹುಚ್ಚಾ ನಿನಗೆ? ಯಾರಿಗೆ ಬೇಕು ಈಗ ಅದೆಲ್ಲ?"

"ನನಗೆ ಬೇಕು. ಕೊಡೇ."

ಅವಳು ಕೊಡಲಿಲ್ಲ. ಅವನು ಕುರ್ಚಿಯ ಕೈ ಹಿಡಿದು ಎದ್ದ. ಏದುಸಿರು ಬಿಡುತ್ತಾ ಗೋಡೆ ಹಿಡಿದು ಫೋನಿನವರೆಗೆ ನಡೆದ. ಆರು ಹೆಜ್ಜೆಗೆ ಎರಡು ಸಲ ನಿಂತ. ತಡೆಯಲು ಚಾಚಿದ ಅವಳ ಕೈ ಅರ್ಧದಲ್ಲೇ ನಿಂತಿತು. ನಂಬರನ್ನು ಅವನು ಪುಸ್ತಕ ನೋಡದೆ ಒತ್ತಿದ. ಎಷ್ಟು ಸಲ ಒತ್ತಲು ಹೋಗಿ ಬಿಟ್ಟಿದ್ದನೋ.

"ಡೆಸ್? ಸೆಲ್ವಿನ್ ಮಾತಾಡ್ತಿರೋದು. ಸೆಲ್ವಿನ್ ಆಕ್‌ರಾಯ್ಡ್."

ಡೆಸ್ಮಂಡ್ ಏನಾದರೂ ಹೇಳುವ ಮೊದಲೇ ಅವನು ಮುಂದುವರಿಸಿದ.

"ನೀನು ಕಂಡದ್ದು ಸರಿ. ನಾನು ಮುಚ್ಚಿದ್ದು ನಿಜ."

ಡೆಸ್ಮಂಡ್‌ನ ದನಿ ಫೋನಿನಿಂದ ಡೋರೀನ್ ನಿಂತಲ್ಲಿಗೂ ಕೇಳಿಸಿತು. "ಮಣಿಕಟ್ಟು ತಾನೇ?"

"ಮಣಿಕಟ್ಟೇ."

"ಮೂರನೇ ಸುತ್ತು."

"ಮೂರನೇ ಸುತ್ತು. ನಿನ್ನ ಕಂಬದ ಎದುರೇ. ನಿನ್ನ ಮುಖ ಕಂಡಿದ್ದೆ ನಾನು, ಗೊತ್ತಾ? ಬಾಯಿ ಬಿಟ್ಕೊಂಡು ನಿಂತಿದ್ದೆ ನೀನು."

"ನನ್ನ ಕಂಡಿದ್ಯಾ?" ಆ ಕಡೆ ಮೂಗು ಒರೆಸಿಕೊಂಡ ಸದ್ದು. ಆಮೇಲೆ ಡೆಸ್ಮಂಡ್ ಹೇಳಿದ, "ಹಾಗಾದ್ರೆ ಹೆಸರು ಹಾಕೋಕಾಗಲ್ಲ ಸೆಲ್ವಿನ್. ನಿನಗೆ ಅರ್ಥ ಆಗುತ್ತಲ್ಲ."

"ಬೇಡ ಬಿಡು," ಅಂದ ಸೆಲ್ವಿನ್. ಬಸ್ಸಿನಲ್ಲಿ ಸೀಟು ಬೇಡ ಅಂದಷ್ಟು ಸಲೀಸಾಗಿ. "ಬೇಲಿ ಕಡೆ ಎಷ್ಟು ಜಾಗ ಇತ್ತು ಅನ್ನಿಸ್ತು ನಿನಗೆ?"

"ಒಂದು ಬಾಗಿಲಗಲ."

"ಬಾಗಿಲಾ? ತಲೆ ಕೆಟ್ಟಿದ್ಯಾ? ಅರ್ಧ ಬಾಗಿಲೂ ಇರ್ಲಿಲ್ಲ ಕಣೋ!"

"ಏ, ಒಂದು ಬಾಗಿಲು! ಎದುರಿಗೆ ನಿಂತಿದ್ದೆ ನಾನು!"

"ಮೇಲೆ ಕೂತಿದ್ದವನು ನಾನಯ್ಯಾ!"

ಸೆಲ್ವಿನ್ ನಕ್ಕ. ನಗು ಕೆಮ್ಮಾಯಿತು, ಕೆಮ್ಮಿನ ನಡುವೆಯೂ ನಕ್ಕ. ಆ ಕಡೆ ಡೆಸ್ಮಂಡ್ ಕೂಡ ನಗುತ್ತಿದ್ದ. ಡೋರೀನ್‌ಗೆ ಫೋನು ಕಿತ್ತು ಗೋಡೆಗೆ ಬಡಿಯಬೇಕು ಅನ್ನಿಸಿತು. ನಲವತ್ತಾರು ವರ್ಷ ಈ ಮನುಷ್ಯನಿಗಾಗಿ ಊರೆಲ್ಲ ಕಟ್ಟಿಕೊಂಡು ಹೊಡೆದಾಡಿದವಳು ಅವಳು. ಅವಳ ಜೊತೆ ಅವನು ಹೀಗೆ ಯಾವತ್ತು ನಕ್ಕಿದ್ದ?

"ಮೊದಲಿಂದ ಹೇಳು," ಅನ್ನುತ್ತಿದ್ದ ಸೆಲ್ವಿನ್. "ಶುರುವಲ್ಲಿ ನಾನು ಎಲ್ಲಿದ್ದೆ? ನನಗೆ ಏನೂ ನೆನಪಿಲ್ಲ, ಆ ತಿರುವೊಂದೇ ನೆನಪಿರೋದು." ಆಮೇಲೆ ಫೋನಿಗೆ ಕೈ ಅಡ್ಡ ಹಿಡಿದು ಅವಳ ಕಡೆ ತಿರುಗಿದ. "ಡೋರೀನ್, ಆ ಟೀವಿ ಆರಿಸೇ. ಏನೂ ಕೇಳಿಸ್ತಿಲ್ಲ."

ಅವಳು ಟೀವಿ ಆರಿಸಿದಳು. ಅಡುಗೆಮನೆಗೆ ಹೋಗಬೇಕೆಂದು ಹೊರಟವಳು ಕೋಟಿನಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಡೆಸ್ಮಂಡ್ ಹೇಗ್ ಹೇಳುತ್ತಿದ್ದ: ಶುರುವಿಗೆ ಅಡ್ಡ ಕಟ್ಟಿದ್ದ ಟೇಪು ಮೇಲೆ ಹಾರಿತು, ನೀನು ಹೊರಗಿನಿಂದ ಬಂದೆ, ಮೊದಲ ತಿರುವಿನಲ್ಲಿ ನಿನ್ನ ಮೊಣಕಾಲು ನೆಲಕ್ಕೆ ತಾಗುತ್ತಿತ್ತು, ಎಷ್ಟು ಚಂದ ಇತ್ತು ಗೊತ್ತಾ ಮಾರಾಯ, ನಿನ್ನಷ್ಟು ಚಂದ ಯಾರೂ ತಿರುಗಿಸುತ್ತಿರಲಿಲ್ಲ. ಡೋರೀನ್ ಕೈಚೀಲ ಅಪ್ಪಿಕೊಂಡು, ತಾನು ಮದುವೆಯಾದವನು ಬೈಕಿನ ಮೇಲೆ ಹೇಗೆ ಕಾಣುತ್ತಿದ್ದ ಎಂಬುದನ್ನು ಮೊದಲ ಸಲ ಕೇಳಿಸಿಕೊಂಡಳು.